ಅವನೊಬ್ಬನಿಗೇ ಬಂದ ಲಿಫ್ಟು

ಟಿವಿ ಪರದೆಯ ಮೇಲೆ ಇನ್‌ಸ್ಪೆಕ್ಟರಮ್ಮ ಬಾಯಿ ತೆರೆದುಕೊಂಡು ನಿಂತುಬಿಟ್ಟಿದ್ದರು. ಹಾಗೆ ನಡುಮಾತಿನಲ್ಲಿ ಅವರನ್ನು ನಿಲ್ಲಿಸಿದ್ದು ಅವರ ಸ್ವಂತ ಅಕ್ಕ.

"ಈಗ ಬರತ್ತೆ ನೋಡಿ ಅವಳ ಮಾತು," ಎಂದು ಅಕ್ಕ ರಿಮೋಟನ್ನು ಎತ್ತಿ ಹಿಡಿದರು. "ಮಕ್ಕಳು ಮರಿಗೆಲ್ಲ ಬಾಯಿಪಾಠ ಆಗಿದೆ ಇದು."

ಸೋಫಾದ ತುದಿಯಲ್ಲಿ ಕೂತಿದ್ದ ಬಿಳಿಗೂದಲಿನ ಮನುಷ್ಯ ತಲೆಯಾಡಿಸಿದ. ಮಾತಾಡಬೇಕೆಂದು ಬಂದವನು ಅವನು. ಬಂದವರಿಗೆ ಈ ಮನೆಯಲ್ಲಿ ಮೊದಲು ಸಾಕ್ಷ್ಯಚಿತ್ರ, ಆಮೇಲೆ ಚಹಾ, ಅದಾದ ಮೇಲೆ ಮಾತು ಎನ್ನುವ ಕ್ರಮವನ್ನು ಅಕ್ಕ ಒಂಬತ್ತು ದಿನದಿಂದ ಜಾರಿಗೆ ತಂದಿದ್ದರು.

ಪರದೆಯ ಇನ್‌ಸ್ಪೆಕ್ಟರಮ್ಮನಿಗೆ ಜೀವ ಬಂತು. "ಸರ್ವಿಸಿಗೆ ಅಂತ ಬಿಚ್ಚಿಟ್ಟ ಲಿಫ್ಟು. ಆ ಬಿಲ್ಡಿಂಗಲ್ಲಿ ಒಬ್ಬರಿಗೂ ಬರ್ಲಿಲ್ಲ. ಇವನೊಬ್ಬನಿಗೇ ಬಂತಂತೆ!"

ಅಕ್ಕ ಅಲ್ಲಿಗೇ ಮತ್ತೆ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಂದವನು ನಗಲಿಲ್ಲ. ಬಾಗಿಲ ಬಳಿ ನಿಂತಿದ್ದ ನಿಜವಾದ ಇನ್‌ಸ್ಪೆಕ್ಟರಮ್ಮನೂ ನಗಲಿಲ್ಲ. ತಮ್ಮದೇ ಮಾತು ಈಗೀಗ ಅವರ ಕಿವಿಗೆ ಕಾದ ಸೀಸದ ಹಾಗೆ ಬೀಳುತ್ತಿತ್ತು.

'ಮಧ್ಯಾಹ್ನದವನು' ಎಂದು ಪತ್ರಿಕೆಗಳು ಹೆಸರಿಟ್ಟಿದ್ದ ಕೊಲೆಗಾರನ ಕಥೆ ಅದು. ಐದು ಬಹುಮಹಡಿ ಕಟ್ಟಡ, ಐವರು ಹೆಂಗಸರು, ಎಲ್ಲವೂ ಊಟದ ನಂತರದ ನಿದ್ದೆಯ ಹೊತ್ತಿನಲ್ಲಿ. ಐದನೆಯ ಕೊಲೆಯಲ್ಲಿ ಕೊರಿಯರ್ ಹಂಚುವವನೊಬ್ಬ ಸಿಕ್ಕಿಬಿದ್ದ. ಹಿಡಿದವರು ಇವರೇ. ಅವನು ಒಳಗೆ ಹೋಗಿ ಹನ್ನೊಂದು ವರ್ಷ. ಆಮೇಲೆ ಅಂಥ ಕೊಲೆ ಇನ್ನೊಂದು ಆಗಲಿಲ್ಲ. ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು ಎಂದು ಅವರು ಎಷ್ಟೋ ಸಲ ಹೇಳಿದ್ದರು, ಹೇಳಿಕೊಂಡಿದ್ದರು.

ಆದರೆ ಸಾಕ್ಷ್ಯಚಿತ್ರದವರು ಜೈಲಿಗೂ ಹೋಗಿದ್ದರು. ಅಲ್ಲಿ ತಲೆ ಬೋಳಾಗಿ, ಹಲ್ಲೆರಡು ಹೋಗಿ, ಕೊರಿಯರ್‌ನವನು ಕ್ಯಾಮೆರಾದತ್ತ ನೋಡದೆ ಮೂರೇ ಮಾತು ಹೇಳಿದ್ದ. "ಬೋರ್ಡ್ ಹಾಕಿತ್ತು. ಆದ್ರೂ ಗುಂಡಿ ಒತ್ತಿದೆ. ಲಿಫ್ಟ್ ಬಂತು."

ಹನ್ನೊಂದು ವರ್ಷದ ಹಿಂದೆ ಠಾಣೆಯಲ್ಲೂ ಅವನು ಇದೇ ಮೂರು ಮಾತು ಹೇಳಿದ್ದ. ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಸುಳ್ಳು ಹೇಳುವವರನ್ನು ಇನ್‌ಸ್ಪೆಕ್ಟರಮ್ಮ ಮೂವತ್ತು ವರ್ಷ ಕಂಡವರು. ಅಂಥವರು ಸಲಸಲಕ್ಕೂ ಸುಳ್ಳಿಗೆ ಬಣ್ಣ ಬಳಿಯುತ್ತಾರೆ, ಜಾಗ ಬದಲಾಯಿಸುತ್ತಾರೆ, ಹೊಸ ಬಾಗಿಲು ಇಡುತ್ತಾರೆ. ಇವನು ಮಾತ್ರ ಹಳೆಯ ಮಾತನ್ನೇ ಇದ್ದ ಹಾಗೇ ಕಾದಿಟ್ಟುಕೊಂಡಿದ್ದ. ಅದನ್ನು ನೋಡಿದ ದಿನದಿಂದ ಇನ್‌ಸ್ಪೆಕ್ಟರಮ್ಮನಿಗೆ ಊಟ ರುಚಿಸುತ್ತಿರಲಿಲ್ಲ.

"ಅಕ್ಕಾ, ಚಹಾ ಮಾಡ್ತೀಯಾ?"

"ಮಾಡ್ತೀನಿ ಮಾಡ್ತೀನಿ. ನಿನ್ನ ಫೋನು ನನ್ನ ಹತ್ರಾನೇ ಇರ್ಲಿ. ಬೆಳಗ್ಗೆಯಿಂದ ಏಳು ಜನ ಮಾಡಿದ್ರು, ನೀನು ಒಬ್ಬರ ಹತ್ರಾನೂ ನೆಟ್ಟಗೆ ಮಾತಾಡಲ್ಲ." ಅಕ್ಕ ಫೋನನ್ನು ಸೆರಗಿಗೆ ಸಿಕ್ಕಿಸಿಕೊಂಡು ಒಳಗೆ ಹೋದರು.

ಇನ್‌ಸ್ಪೆಕ್ಟರಮ್ಮ ಎದುರಿನ ಕುರ್ಚಿಯಲ್ಲಿ ಕೂತರು. ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಕಾಲು.

"ನಿಮ್ಮನ್ನ ಎಲ್ಲೋ ನೋಡಿದ್ದೀನಿ."

"ಕೋರ್ಟಲ್ಲಿ ಮೇಡಂ. ಐದೇ ನಿಮಿಷ." ಬಂದವನು ಅಂಗೈಗಳನ್ನು ಮೊಣಕಾಲಿಗೆ ಒರೆಸಿಕೊಂಡ. "ನಾನು ಲಿಫ್ಟ್ ಮೆಕ್ಯಾನಿಕ್. ಆ ಕಾರ್ಡಿನ ಮೇಲೆ ಇರೋ ಸಹಿ ನಂದೇ."

ಆ ಕಾರ್ಡು! ಇನ್‌ಸ್ಪೆಕ್ಟರಮ್ಮ ನೆಟ್ಟಗಾದರು. ಪ್ರತಿ ಕಟ್ಟಡದ ತಾರಸಿಯಲ್ಲಿ ಲಿಫ್ಟಿನ ಯಂತ್ರದ ಕೋಣೆ ಇರುತ್ತದೆ. ಅದರ ಗೋಡೆಗೆ ಒಂದು ಕಾರ್ಡು ನೇತಾಡುತ್ತದೆ. ತಿಂಗಳಿಗೊಮ್ಮೆ ಸರ್ವಿಸಿಗೆ ಬಂದ ಮೆಕ್ಯಾನಿಕ್ ಅದರಲ್ಲಿ ತಾರೀಖು, ಹೊತ್ತು ಬರೆದು ಸಹಿ ಹಾಕಬೇಕು. ಐದನೆಯ ಕೊಲೆಯಾದ ಕಟ್ಟಡದ ಕಾರ್ಡಿನಲ್ಲಿ 'ಎರಡರಿಂದ ನಾಲ್ಕು, ಲಿಫ್ಟ್ ಬಂದ್' ಎಂದಿತ್ತು. ಕೊರಿಯರ್‌ನವನು ಎರಡೂ ಮುಕ್ಕಾಲಿಗೆ ಲಿಫ್ಟಿನಲ್ಲಿ ಹೋದೆ ಎಂದಿದ್ದ. ಅಲ್ಲಿಗೆ ಅವನ ಬಾಯಿ ಮುಚ್ಚಿಹೋಯಿತು. ನಿರಪರಾಧಿಯಾದವನು ಲಿಫ್ಟಿನ ವಿಷಯಕ್ಕೆ ಯಾಕೆ ಸುಳ್ಳು ಹೇಳಬೇಕು? ಉಳಿದ ನಾಲ್ಕು ಕೊಲೆಗಳೂ ಇದರ ಬಾಲಕ್ಕೆ ಗಂಟು ಬಿದ್ದವು.

"ಹೇಳಿ."

ಮೆಕ್ಯಾನಿಕ್ ಒಮ್ಮೆ ಅಡುಗೆಮನೆಯ ಕಡೆ ನೋಡಿದ. ಆಮೇಲೆ ಒಂದೇ ಉಸಿರಿಗೆ ಅಂದುಬಿಟ್ಟ.

"ಆವತ್ತು ನಾನು ಆ ಬಿಲ್ಡಿಂಗಿಗೆ ಹೋಗೇ ಇಲ್ಲ."

ಇನ್‌ಸ್ಪೆಕ್ಟರಮ್ಮನಿಗೆ ಮೊದಲು ಬಂದದ್ದು ಕೋಪ. ಹಳೆಯ ಅಭ್ಯಾಸ, ಬೇಡವೆಂದರೂ ಬರುತ್ತದೆ.

"ನೋಡಿ, ಈ ಡಾಕ್ಯುಮೆಂಟರಿ ಬಂದ್ಮೇಲೆ ಆರು ಜನ ಬಂದು ಹೋದ್ರು. ಒಬ್ಬಾಕೆ ಕೊಲೆ ಮಾಡಿದ್ದು ತನ್ನ ಭಾವ ಅಂದ್ಳು. ಇನ್ನೊಬ್ಬ ಮೇಲಿನ ಮನೆಯವನು ಅಂದ, ಯಾಕಂದ್ರೆ ಅವನು ಮಧ್ಯಾಹ್ನ ಕುರ್ಚಿ ಎಳೀತಾನಂತೆ. ನೀವು ಏಳನೆಯವರು."

"ಕುರ್ಚಿ ಎಳೆಯೋರ ವಿಷಯ ನಂಗೊತ್ತಿಲ್ಲ ಮೇಡಂ." ಅವನು ಅಂಗಿಯ ಜೇಬಿನಿಂದ ಮಡಿಸಿದ ಕಾಗದ ತೆಗೆದು ಅವರ ಕೈಗೇ ಕೊಟ್ಟ. "ಆವತ್ತು ನನ್ನ ಹೆಂಡ್ತಿಗೆ ಕಣ್ಣಿನ ಆಪರೇಷನ್. ಎರಡೂವರೆಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದೀನಿ. ಟೈಮೂ ಇದೆ ನೋಡಿ."

ಇತ್ತು. ಕಣ್ಣಾಸ್ಪತ್ರೆಯ ಮೊಹರು, ತಾರೀಖು, ಹೊತ್ತು, ಕೆಳಗೆ ಬಾಲ ಎಳೆದ ಸಹಿ. ಆ ಸಹಿಯನ್ನು ಇನ್‌ಸ್ಪೆಕ್ಟರಮ್ಮ ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದರು. ಕೊರಿಯರ್‌ನವನನ್ನು ಜೈಲಿಗೆ ಕಳಿಸಿದ ಸಹಿ ಅದು.

ಅವರು ಕಾಗದವನ್ನು ಮೇಲಿನಿಂದ ಮತ್ತೊಮ್ಮೆ ಓದಿದರು.

"ಹಾಗಾದ್ರೆ ಕಾರ್ಡು?"

"ತಿಂಗಳ ಒಂದನೇ ತಾರೀಖೇ ತುಂಬಿಸಿಬಿಡ್ತಿದ್ವಿ." ಮೆಕ್ಯಾನಿಕ್ ನೆಲ ನೋಡುತ್ತ ಹೇಳಿದ. "ಇಬ್ಬರಿಗೆ ನಲವತ್ತು ಬಿಲ್ಡಿಂಗ್ ಕೊಡ್ತಿದ್ರು. ಯಾವನ ಕೈಲಿ ಆಗತ್ತೆ? ಆಫೀಸಲ್ಲಿ ಕೂತು ನಲವತ್ತಕ್ಕೂ ತಾರೀಖು, ಟೈಮು ಬರ್ದು ಸಹಿ ಹಾಕ್ತಿದ್ದೆ. ನನ್ನ ಜೊತೆಗಾರ ತಗೊಂಡ್ಹೋಗಿ ತಗುಲಿಹಾಕಿ ಬರ್ತಿದ್ದ. ಆಮೇಲೆ ಎಷ್ಟಾಗತ್ತೋ ಅಷ್ಟು ಬಿಲ್ಡಿಂಗಿಗೆ ನಾವು ಹೋಗ್ತಿದ್ವಿ. ಉಳಿದಿದ್ದಕ್ಕೆ ಕಾರ್ಡು ಮಾತ್ರ ಹೋಗಿರೋದು."

"ಕೋರ್ಟಲ್ಲಿ ಇದನ್ನ ಯಾಕೆ ಬಾಯಿಬಿಡ್ಲಿಲ್ಲ?"

"ಈ ಸಹಿ ನಿಮ್ಮದಾ ಅಂದ್ರು, ಹೌದು ಅಂದೆ. ಇಳೀರಿ ಅಂದ್ರು, ಇಳಿದೆ. ಹೋಗಿದ್ರಾ ಅಂತ ಯಾರೂ ಕೇಳ್ಲಿಲ್ಲ ಮೇಡಂ. ಕೆಲಸ ಹೋಗತ್ತೆ ಅಂತ ಭಯ. ನೂರೆಂಟು ಸಾಕ್ಷಿಲಿ ಇದೂ ಒಂದು ಅಂದ್ಕೊಂಡೆ. ಅವನ ತಲೆ ಮೇಲೆ ಬಿದ್ದಿದ್ದು ಇದೊಂದೇ ಕಲ್ಲು ಅಂತ ಗೊತ್ತಾಗಿದ್ದು ನಿಮ್ಮ ಟಿವಿ ನೋಡಿದ್ಮೇಲೆ."

ಕೇಳಬೇಕಾಗಿದ್ದವರು ಯಾರು? ಇನ್‌ಸ್ಪೆಕ್ಟರಮ್ಮ ತುಟಿ ಕಚ್ಚಿದರು. ಕಾರ್ಡು ಸಿಕ್ಕಿದ ದಿನ ಅವರು ಕಂಪನಿಗೆ ಒಂದು ಫೋನು ಮಾಡಿದ್ದರು. ಆವತ್ತು ಸರ್ವಿಸ್ ಇತ್ತಾ ಎಂದು ಕೇಳಿದ್ದರು. ಇತ್ತು ಎಂದರು. ಅಷ್ಟಕ್ಕೇ ಹೊಟ್ಟೆ ತುಂಬಿತ್ತು. ತಮ್ಮ ಮೇಲೆ ತಮಗೇ ಅಸಹ್ಯವಾಯಿತು.

"ಒಂದು ವಾರದಿಂದ ನಿದ್ದೆ ಇಲ್ಲ ನನಗೆ," ಮೆಕ್ಯಾನಿಕ್ ಮುಂದುವರಿಸಿದ. "ಮನೇಲಿ ಬೇರೆ ಇದೇ ಓಡ್ತಿರತ್ತೆ. ಮಗಳ ಮನೇಲೇ ಇದ್ದೀನಿ. ಅಳಿಯ ನಾಲ್ಕು ಸಲ ನನ್ನನ್ನೂ ಕೂರಿಸ್ಕೊಂಡು ನೋಡಿದ್ದಾನೆ. ನಿಮ್ಮ ಅಭಿಮಾನಿ ಮೇಡಂ! ಲಿಫ್ಟ್ ಇವನೊಬ್ಬನಿಗೇ ಬಂತಂತೆ ಅಂತೀರಲ್ಲ, ಅಲ್ಲಿಗೆ ಬಂದ ಕೂಡಲೇ ಹಿಂದಕ್ಕೆ ಓಡಿಸ್ತಾನೆ. ಮತ್ತೆ ನೋಡ್ತಾನೆ. ಮತ್ತೆ ಓಡಿಸ್ತಾನೆ. ನಗೋದೇ ನಗೋದು. ಅವನೂ ನಮ್ಮ ಲೈನಿನವನೇ ಅಲ್ವಾ, ಅದಕ್ಕೇ ಇರ್ಬೇಕು. ನನ್ನ ಜೊತೆಗಾರ ಅಂದ್ನಲ್ಲ, ಅವನೇ. ಆ ಕೇಸ್ ಮುಗಿದ ವರ್ಷಾನೇ ಮದುವೆ ಮಾಡಿಕೊಟ್ವಿ."

ಇನ್‌ಸ್ಪೆಕ್ಟರಮ್ಮ ಅರ್ಧ ಕಿವಿಯಲ್ಲಿ ಕೇಳುತ್ತಿದ್ದರು. ಅವರ ತಲೆ ಬೇರೆಲ್ಲೋ ಓಡುತ್ತಿತ್ತು. ಲಿಫ್ಟು ಓಡುತ್ತಿತ್ತು ಎಂದಾದರೆ ಕೊರಿಯರ್‌ನವನು ನಿಜ ಹೇಳಿದ್ದ. ನಿಜ ಹೇಳಿದ್ದರೆ ಅವನು ಪೊಟ್ಟಣ ಕೊಟ್ಟು ಇಳಿದು ಹೋದ ಬಡಪಾಯಿ. ಹನ್ನೊಂದು ವರ್ಷ! ಜೈಲಿಗೆ ಹೋದಾಗ ಅವನ ತಂಗಿ ಸ್ಕೂಲಿನ ಚೀಲ ಹೊತ್ತು ಕೋರ್ಟಿಗೆ ಬರುತ್ತಿದ್ದಳು. ಈ ಕಾಗದ, ಈ ಮನುಷ್ಯನ ಒಂದು ಹೇಳಿಕೆ, ಇವೆರಡಿದ್ದರೆ ಅವನು ಹೊರಗೆ ಬರುತ್ತಾನೆ. ತಮ್ಮ ಹೆಸರು ಮಣ್ಣುಪಾಲಾಗುತ್ತದೆ, ಆಗಲಿ.

"ಒಂದು ವಿಷ್ಯ," ಎಂದರು. "ಬೋರ್ಡ್ ಹಾಕಿತ್ತಲ್ಲ. ನೀವು ಹೋಗದೇ ಇದ್ರೆ ಅದನ್ನ ಯಾರು ಹಾಕಿದ್ರು?"

"ವಾಚ್‌ಮನ್ ಹಾಕಿರ್ಬೇಕು ಅಂದ್ಕೊಂಡೆ. ಕೆಲವು ಕಡೆ ಕೆಟ್ಟುಹೋದಾಗ ರಟ್ಟಿನ ಮೇಲೆ ಏನೋ ಬರ್ದು ನೇತುಹಾಕ್ತಾರೆ."

"ರಟ್ಟಲ್ಲ ಅದು."

ಅಷ್ಟು ಹೇಳಿದವರಿಗೆ ಇನ್ನೇನೋ ನೆನಪಾಯಿತು. ಸಾಕ್ಷ್ಯಚಿತ್ರದ ಎರಡನೆಯ ಕಂತಿನಲ್ಲಿ ದಪ್ಪನೆಯ ಹೆಂಗಸೊಬ್ಬರು ಕ್ಯಾಮೆರಾದ ಮುಂದೆ ಗೋಳಾಡಿದ್ದರು. ಪಕ್ಕದ ಮನೆಯಲ್ಲಿ ಕೊಲೆಯಾದ ದಿನ ತರಕಾರಿ ಚೀಲ ಹೊತ್ತು ನಾಲ್ಕು ಮಹಡಿ ಹತ್ತಿದೆ, ಮಂಡಿ ಹಿಡಿದುಕೊಂಡಿತು ಎಂದು. ಮೂರನೆಯ ಕಂತಿನಲ್ಲಿ ಒಬ್ಬ ಮೇಷ್ಟ್ರು. ಮೆಟ್ಟಿಲ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಿದ್ದೆ, ಯಾರೂ ಇಳಿದದ್ದು ಕಾಣಲಿಲ್ಲ ಎಂದು. ಲಿಫ್ಟಿದ್ದ ಕಟ್ಟಡದಲ್ಲಿ ಅವರೆಲ್ಲ ಮೆಟ್ಟಿಲು ಯಾಕೆ ಹತ್ತುತ್ತಿದ್ದರು?

"ಎರಡನೇ ಕೊಲೆ, ಆ ಕೆರೆ ಪಕ್ಕದ ಬಿಲ್ಡಿಂಗು. ನಿಮ್ಮ ನಲವತ್ತರಲ್ಲಿ ಅದೂ ಇತ್ತಾ?"

"ಇತ್ತು."

"ಮೂರನೇದು? ಸ್ಕೂಲಿನ ಹಿಂದೆ?"

"ಅದೂ ನಮ್ದೇ. ಐದೂ ನಮ್ದೇ ಮೇಡಂ, ಕಂಪನಿ ಆ ಕಡೆ ಎಲ್ಲಾ ನಮಗೇ ಕೊಟ್ಟಿತ್ತು." ಅವನ ಹುಬ್ಬು ಗಂಟಿಕ್ಕಿತು. "ಯಾಕೆ?"

ಇನ್‌ಸ್ಪೆಕ್ಟರಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಕೆಳಗೆ ಒಂದು ಬೋರ್ಡು ಹಾಕಿದರೆ ಸಾಕು, ಇಡೀ ಕಟ್ಟಡವೇ ಶಾಪ ಹಾಕುತ್ತ ಮೆಟ್ಟಿಲ ಕಡೆ ತಿರುಗುತ್ತದೆ. ಲಿಫ್ಟು ಒಬ್ಬನ ಪಾಲಿಗೆ ಖಾಲಿ ಉಳಿಯುತ್ತದೆ. ಅವನು ಯಾರ ಕಣ್ಣಿಗೂ ಬೀಳದೆ ಹತ್ತುತ್ತಾನೆ, ಇಳಿಯುತ್ತಾನೆ, ಬೋರ್ಡು ತೆಗೆದುಕೊಂಡು ಹೋಗುತ್ತಾನೆ. ಯಾವ ದಿನ ಯಾವ ಕಟ್ಟಡಕ್ಕೆ ಮೆಕ್ಯಾನಿಕ್ ಬರುವುದಿಲ್ಲ ಎನ್ನುವುದು ಅವನಿಗೆ ಮೊದಲೇ ಗೊತ್ತಿರಬೇಕು, ಅಷ್ಟೇ. ಐದನೆಯ ಸಲ ಮಾತ್ರ ಬೋರ್ಡು ಅಲ್ಲೇ ಉಳಿದಿತ್ತು. ಮೇಲೆ ನಿಂತಿದ್ದ ಲಿಫ್ಟನ್ನು ಕೊರಿಯರ್‌ನವನು ಕೆಳಗಿಳಿಸಿಕೊಂಡು ಲೆಕ್ಕಾಚಾರ ಕೆಡಿಸಿದ್ದ, ಕೊಂದವನು ಬೋರ್ಡು ಬಿಟ್ಟು ಓಡಬೇಕಾಗಿ ಬಂದಿತ್ತು.

ಅವರು ರಿಮೋಟು ಎತ್ತಿಕೊಂಡು ಸ್ವಲ್ಪ ಹಿಂದಕ್ಕೆ ಓಡಿಸಿದರು. ಪರದೆಯ ಇನ್‌ಸ್ಪೆಕ್ಟರಮ್ಮ ಮತ್ತೆ ಅದೇ ಮಾತಾಡಿ ಗೆಲುವಿನ ನಗೆ ನಕ್ಕರು. ಅದು ಮುಗಿದ ಕೂಡಲೇ ಒಂದು ಫೋಟೋ ಬಂತು. ಮೂರು ಸೆಕೆಂಡು ಇದ್ದು ಹೋಗುವ ಫೋಟೋ. ಅವರು ಅದನ್ನು ತಡೆದು ನಿಲ್ಲಿಸಿದರು.

ನೆಲಮಹಡಿಯ ಲಿಫ್ಟಿನ ಬಾಗಿಲು. ಹಿಡಿಗೆ ಸರಪಳಿಯಿಂದ ನೇತುಹಾಕಿದ ಹಳದಿ ತಗಡಿನ ಬೋರ್ಡು. 'ದುರಸ್ತಿ ನಡೆಯುತ್ತಿದೆ.' ಬಲಗಡೆ ಮೂಲೆಯಲ್ಲಿ ಕೆಂಪು ಬಣ್ಣದಲ್ಲಿ ಕೈಯಿಂದ ಬರೆದ ಒಂದು ಅಂಕಿ. ಎರಡು.

"ಇದು ನಿಮ್ಮ ಕಂಪನಿ ಬೋರ್ಡೇ ತಾನೇ?"

ಮೆಕ್ಯಾನಿಕ್ ಎದ್ದು ಟಿವಿಯ ಹತ್ತಿರ ಹೋದ. ಬೆರಳನ್ನು ಆ ಅಂಕಿಯವರೆಗೂ ತಂದು, ಮುಟ್ಟದೆ ಹಿಂದಕ್ಕೆ ಎಳೆದುಕೊಂಡ.

"ಈ ಫೋಟೋ ಇದ್ರಲ್ಲಿ ಇತ್ತಾ?"

"ನಾಲ್ಕು ಸಲ ನೋಡಿದ್ವಿ ಅಂದ್ರಿ."

"ನೋಡಿದ್ವಿ. ಆದ್ರೆ ಇಲ್ಲಿಗೆ ಬರೋಷ್ಟರಲ್ಲಿ..."



ಅರ್ಧ ಕಿವಿಯಲ್ಲಿ ಕೇಳಿದ್ದು ಇನ್‌ಸ್ಪೆಕ್ಟರಮ್ಮನಿಗೆ ಈಗ ಪೂರ್ತಿ ಕೇಳಿಸಿತು. ಇಲ್ಲಿಗೆ ಬರುವಷ್ಟರಲ್ಲಿ ಯಾರೋ ಒಬ್ಬರು ಹಿಂದಕ್ಕೆ ಓಡಿಸುತ್ತಿದ್ದರು. ನಾಲ್ಕು ಸಲವೂ. ನಗುತ್ತ ನಗುತ್ತ, ಮಾವ ಈ ಮೂರು ಸೆಕೆಂಡು ನೋಡದ ಹಾಗೆ.

 ಅವರು ದನಿ ಏರಿಸಲಿಲ್ಲ.

"ನಿಮ್ಮಿಬ್ಬರಿಗೂ ಒಂದೊಂದು ಬೋರ್ಡ್ ಕೊಟ್ಟಿದ್ರು ಅಲ್ವಾ? ಒಂದನೇ ನಂಬರು ನಿಮ್ಮದು. ಎರಡನೇದು ಯಾರದು?"

ಮೆಕ್ಯಾನಿಕ್ ತಿರುಗಲಿಲ್ಲ.  ಅಡುಗೆಮನೆಯ ಬಾಗಿಲಿಂದ ಒಮ್ಮೆ ಇತ್ತ ಇಣುಕಿದ ಅಕ್ಕ ಯಾರ ಜೊತೆಗೋ ಫೋನಿನಲ್ಲಿ ಜೋರಾಗಿ ನಗುತ್ತಿದ್ದರು.

"ನಂದೇ," ಎಂದ ಕೊನೆಗೆ.

"ಏನಂದ್ರಿ?"

"ಎರಡೂ ನನ್ನ ಹತ್ರಾನೇ ಇದ್ವು. ಬೋರ್ಡು ಹಾಕಿದ್ದು ನಾನೇ. ಆವತ್ತು ನಾನು ಹೋಗಿದ್ದೆ ಮೇಡಂ."

"ಈಗ ತಾನೇ ಹೋಗೇ ಇಲ್ಲ ಅಂದ್ರಿ!"

"ವಯಸ್ಸಾಯ್ತು. ನೆನಪು ಹಿಂದುಮುಂದು ಆಗತ್ತೆ." ಅವನು ತಿರುಗಿದ. ಹತ್ತು ನಿಮಿಷದ ಹಿಂದೆ ಸೋಫಾದ ತುದಿಯಲ್ಲಿ ಕೂತಿದ್ದವನ ಮುಖ ಇದಾಗಿರಲಿಲ್ಲ. ಯಾರೋ ಒಳಗಿನಿಂದ ದೀಪ ಆರಿಸಿದ ಹಾಗಿತ್ತು. "ಎರಡರಿಂದ ನಾಲ್ಕರವರೆಗೆ ಲಿಫ್ಟ್ ಬಿಚ್ಚಿಟ್ಟಿದ್ದೆ. ಅವನು ಸುಳ್ಳು ಹೇಳ್ತಿದ್ದಾನೆ, ಆ ಕೊರಿಯರ್‌ನವನು. ಬರ್ಕೊಳ್ಳಿ."

"ಆಸ್ಪತ್ರೆ?"

"ಆಪರೇಷನ್ ಬೆಳಗ್ಗೆನೇ ಮುಗಿದಿತ್ತು. ಟೈಮು ತಪ್ಪು ಬರ್ದಿದ್ದಾರೆ. ಕೊಡಿ ಅದನ್ನ." ಅವನು ಕೈ ಚಾಚಿದ.

ಇನ್‌ಸ್ಪೆಕ್ಟರಮ್ಮ ಕಾಗದವನ್ನು ಹಿಂದಕ್ಕೆ ಹಿಡಿದರು. "ಇದು ಒಬ್ಬನ ಹನ್ನೊಂದು ವರ್ಷ. ಅವನಿಗೂ ಮನೆ ಇದೆ, ತಂಗಿ ಇದ್ದಾಳೆ."

"ನನಗೆ ಮಗಳಿದ್ದಾಳೆ."

ಆ ಮಾತಿನಲ್ಲಿ ಕಳ್ಳತನ ಇರಲಿಲ್ಲ. ಬರೀ ಭಯವಿತ್ತು, ಮುಚ್ಚುಮರೆಯಿಲ್ಲದ ಭಯ. ಇನ್‌ಸ್ಪೆಕ್ಟರಮ್ಮನ ಕೋಪ ಜರ್ರನೆ ಇಳಿದುಹೋಯಿತು.

"ಕೂತ್ಕೊಳ್ಳಿ," ಎಂದರು ಮೆತ್ತಗೆ. "ನಾನು ನಿಮ್ಮ ಮಗಳ ಹತ್ರ ಮಾತಾಡ್ತೀನಿ. ಅವರನ್ನ ಮೊದ್ಲು ಆ ಮನೆಯಿಂದ ಹೊರಗೆ ಕರ್ಕೊಂಡು ಬರೋಣ. ನಂಬರ್ ಹೇಳಿ."

"ಬೇಡ!" ಅವನು ಹತ್ತಿರ ಬಂದು ಅವರ ಮುಂಗೈ ಹಿಡಿದುಕೊಂಡ. ಹಿಡಿದದ್ದು ಗೊತ್ತಾಗಿ ಬಿಟ್ಟ. "ಫೋನ್ ಮಾಡ್ಬೇಡಿ ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ. ಅವಳ ಫೋನು ಯಾವಾಗ್ಲೂ ಅವನ ಹತ್ರಾನೇ ಇರತ್ತೆ. ಯಾರು ಮಾಡಿದ್ರು, ಎಷ್ಟು ಹೊತ್ತು ಮಾತಾಡಿದ್ರು, ಎಲ್ಲಾ ನೋಡ್ತಾನೆ. ಪ್ರೀತಿ ಜಾಸ್ತಿ ಅಂದ್ಕೊಂಡಿದ್ವಿ ನಾವು..."

"ಇಲ್ಲಿಗೆ ಬಂದಿರೋದು ಅವನಿಗೆ ಗೊತ್ತಾ?"

"ಇಲ್ಲ. ಕನ್ನಡಕ ರಿಪೇರಿ ಅಂತ ಹೇಳಿ ಬಂದಿದ್ದೀನಿ."

"ಮತ್ತೆ ನಿನ್ನೆ ನಮ್ಮ ಅಕ್ಕನಿಗೆ ಫೋನ್ ಮಾಡಿ ಟೈಮ್ ಕೇಳಿದ್ರಲ್ಲ, ಯಾವ ಫೋನಿಂದ?"

"ಅವನು ಸ್ನಾನಕ್ಕೆ ಹೋದಾಗ, ಅವಳದ್ರಿಂದಾನೇ," ಎಂದ ಮೆಕ್ಯಾನಿಕ್.  

ಅಷ್ಟರಲ್ಲಿ ಅಡುಗೆಮನೆಯ ಬಾಗಿಲ ಪರದೆ ಸರಿಸಿಕೊಂಡು ಅಕ್ಕ ಬಂದರು. ಒಂದು ಕೈಯಲ್ಲಿ ಚಹಾದ ತಟ್ಟೆ, ಇನ್ನೊಂದರಲ್ಲಿ ಫೋನು. ಮುಖದ ತುಂಬ ನಗು.

"ನಿಮ್ಮ ಅಳಿಯಂದ್ರು ಎಷ್ಟು ಒಳ್ಳೆಯವರು ರೀ! ಮಾವ ಅಲ್ಲಿದ್ದಾರಾ, ಬಿಸಿಲಲ್ಲಿ ಹೋಗಿದ್ದಾರೆ, ಯೋಚನೆ ಆಯ್ತು ಅಂದ್ರು. ಇದ್ದಾರಪ್ಪ, ನಮ್ಮ ತಂಗಿ ಜೊತೆ ಟಿವಿ ಮುಂದೆ ಕೂತು ಅದೇನೋ ಬೋರ್ಡಿನ ಫೋಟೋ ನೋಡ್ತಿದ್ದಾರೆ ಅಂದೆ." ಫೋನನ್ನು ತಂಗಿಯತ್ತ ಚಾಚಿದರು. "ತಗೋ, ಲೈನಲ್ಲೇ ಇದ್ದಾರೆ. ನಿನ್ನ ಲಿಫ್ಟಿನ ಮಾತು ಅಂದ್ರೆ ಅವರಿಗೆ ಪ್ರಾಣವಂತೆ."

ಇನ್‌ಸ್ಪೆಕ್ಟರಮ್ಮ ಫೋನನ್ನು ಕಿವಿಗಿಟ್ಟರು.

"ನಮಸ್ಕಾರ ಮೇಡಂ," ಎಂದಿತು ಆ ಕಡೆಯ ದನಿ. ಸಂಕೋಚದ, ಸಂಭಾವಿತ ದನಿ. "ನಮ್ಮ ಮಾವನೋರು ಏನೇನು ಹೇಳಿದ್ರು ಅಂತ ನಾನು ಕೇಳಲ್ಲ. ಇವಳು ಇಲ್ಲೇ ನನ್ನ ಪಕ್ಕದಲ್ಲೇ ಮಲಗಿದ್ದಾಳೆ. ಎಬ್ಬಿಸ್ಲಾ ಬೇಡ್ವಾ ಅಂತ ಅವರನ್ನೇ ಒಂದು ಮಾತು ಕೇಳಿ ಹೇಳಿ."